ಹವ್ಯಾಸಿ ರಿಂಗಿನಲ್ಲಿ ವೃತ್ತಿಪರರು: ಎಣಿಸಬೇಕಾದದ್ದು ಹಣವೇ, ಸುತ್ತುಗಳೇ?

ಎಲ್ಲರಿಗೂ ನಮಸ್ಕಾರ.

ಸಂಘಟಕರು ನನಗೆ ಕೊಟ್ಟಿರುವ ವಿಷಯ, ಹವ್ಯಾಸಿ ಬಾಕ್ಸಿಂಗ್ ಸ್ಪರ್ಧೆಗಳಿಗೆ ವೃತ್ತಿಪರರನ್ನು ಬಿಡಬೇಕೇ ಬೇಡವೇ ಎಂಬುದು. ಒಂದೇ ಪದದಲ್ಲಿ ಉತ್ತರ ಹೇಳಿ ಕುಳಿತುಬಿಡಬಹುದಾದ ಪ್ರಶ್ನೆಯಂತೆ ಇದು ಕಾಣುತ್ತದೆ. ಕೆಲವು ವರ್ಷಗಳ ಹಿಂದೆ ನಾನೂ ಹಾಗೆಯೇ ಹೇಳುತ್ತಿದ್ದೆ: ಬೇಡ, ಖಂಡಿತ ಬೇಡ. ಇವತ್ತು ಅಷ್ಟು ಸಲೀಸಾಗಿ ಹೇಳಲಾರೆ. ಏಕೆ ಹೇಳಲಾರೆ ಎಂಬುದೇ ಇಂದಿನ ಮಾತು.

ಒಂದು ದೃಶ್ಯದಿಂದ ಶುರು ಮಾಡುತ್ತೇನೆ. 2019ರ ಹವ್ಯಾಸಿ ಬಾಕ್ಸಿಂಗ್ ವಿಶ್ವ ಚಾಂಪಿಯನ್‌ಷಿಪ್, ರಷ್ಯಾದ ಯೆಕಟೆರಿನ್‌ಬರ್ಗ್ ನಗರ, ಸೂಪರ್ ಹೆವಿವೇಟ್ ಪಂದ್ಯ. ಒಂದು ಮೂಲೆಯಲ್ಲಿ ಅಮೆರಿಕದ ರಿಚರ್ಡ್ ಟೊರೆಸ್. ಇಪ್ಪತ್ತರ ಹುಡುಗ, ಹವ್ಯಾಸಿ. ಎದುರು ಮೂಲೆಯಲ್ಲಿ ಉಜ್ಬೇಕಿಸ್ತಾನದ ಬಖೋದಿರ್ ಜಲೋಲೊವ್. ಆರೂವರೆ ಅಡಿ ದಾಟಿದ ಆಳು, ಎಡಚ, ಅಷ್ಟರಲ್ಲಾಗಲೇ ವೃತ್ತಿಪರ ರಿಂಗಿಗೂ ಇಳಿದು, ಅಲ್ಲಿ ಆಡಿದ ಪ್ರತಿಯೊಂದು ಪಂದ್ಯವನ್ನೂ ನಾಕೌಟಿನಲ್ಲಿ, ಅಂದರೆ ಎದುರಾಳಿ ಮುಂದುವರಿಯಲಾಗದಂತೆ ಹೊಡೆದು, ಮುಗಿಸಿದ್ದವರು. ಮೊದಲ ಸುತ್ತು ಪೂರ್ತಿಯಾಗಲಿಲ್ಲ. ಎಡಗೈಯ ಒಂದು ಹೊಡೆತಕ್ಕೆ ಟೊರೆಸ್ ಕಡಿದ ಬಾಳೆಯಂತೆ ಬಿದ್ದರು. ಬಿದ್ದವರು ಏಳಲಿಲ್ಲ. ಸ್ಟ್ರೆಚರ್ ಮೇಲೆ ಮಲಗಿಸಿ ಹೊರಗೆ ಒಯ್ದರು.

ಆ ವಿಡಿಯೊ ಜಗತ್ತೆಲ್ಲ ಸುತ್ತಿತು. ವೃತ್ತಿಪರ ಬಾಕ್ಸಿಂಗಿನ ದೊಡ್ಡ ಸಂಸ್ಥೆಗಳಲ್ಲಿ ಒಂದಾದ ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್‌ನ ಅಧ್ಯಕ್ಷ ಮೌರಿಸಿಯೊ ಸುಲೈಮಾನ್ ಇದನ್ನು ಬಹಿರಂಗವಾಗಿ ಖಂಡಿಸಿದರು. ಹವ್ಯಾಸಿ ಹುಡುಗನ ಎದುರು ವೃತ್ತಿಪರನನ್ನು ನಿಲ್ಲಿಸಿದರೆ ಇನ್ನೇನಾಗುತ್ತದೆ ಎಂಬುದು ಅಂದಿನ ಎಲ್ಲರ ಮಾತು. ನಾನೂ ಈ ವಿಷಯ ಬಂದಾಗಲೆಲ್ಲ ಅದೇ ವಿಡಿಯೊ ತೋರಿಸಿ, ‘ನೋಡಿ, ಇಷ್ಟು ಸಾಕಲ್ಲವೇ’ ಎನ್ನುತ್ತಿದ್ದೆ. ಅದು ಸಾಕಾಗಿರಲಿಲ್ಲ ಎಂಬುದು ತಡವಾಗಿ ಹೊಳೆಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಪದದ ಗಂಟು ಬಿಚ್ಚೋಣ. ನಾವು ಕನ್ನಡದಲ್ಲಿ ಅಮೆಚೂರ್ ಎಂಬುದಕ್ಕೆ ‘ಹವ್ಯಾಸಿ’ ಎನ್ನುತ್ತೇವೆ. ಹವ್ಯಾಸ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಅಂಚೆಚೀಟಿ ಸಂಗ್ರಹ, ಬಿಡುವಿನ ವೇಳೆಯ ತೋಟಗಾರಿಕೆ. ಒಲಿಂಪಿಕ್ಸ್‌ಗೆ ಹೋಗುವ ಬಾಕ್ಸರ್‌ಗೂ ಬಿಡುವಿನ ವೇಳೆಗೂ ಯಾವ ಸಂಬಂಧವೂ ಇಲ್ಲ. ಉಕ್ರೇನಿನ ವಾಸಿಲ್ ಲೊಮಚೆಂಕೊ ಎರಡು ಒಲಿಂಪಿಕ್ ಚಿನ್ನ ಗೆದ್ದ ‘ಹವ್ಯಾಸಿ’. ಅವರ ಹವ್ಯಾಸಿ ದಾಖಲೆ 396 ಗೆಲುವು, 1 ಸೋಲು. ಇಷ್ಟು ಪಂದ್ಯ ಆಡಿದವರನ್ನು ಹವ್ಯಾಸಿ ಎಂದು ಕರೆಯುವ ನಾಲಿಗೆ, ಮೂರೇ ಮೂರು ಪಂದ್ಯ ಆಡಿ ಅಷ್ಟಿಷ್ಟು ಸಂಭಾವನೆ ಪಡೆದ ಹುಡುಗನನ್ನು ವೃತ್ತಿಪರ ಎನ್ನುತ್ತದೆ.

ಈ ವಿಚಿತ್ರ ಎಲ್ಲಿಂದ ಬಂತು? ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಿಂದ. ಗ್ಲೌಸ್, ಮೂರು ನಿಮಿಷದ ಸುತ್ತು, ಬಿದ್ದವನು ಏಳಲೆಂದು ಹತ್ತು ಎಣಿಸುವ ಪದ್ಧತಿ ಇವನ್ನೆಲ್ಲ ತಂದ ಕ್ವೀನ್ಸ್‌ಬೆರಿ ನಿಯಮಗಳು ಪ್ರಕಟವಾದದ್ದು 1867ರಲ್ಲಿ. ಅಲ್ಲಿನ ಅಮೆಚೂರ್ ಬಾಕ್ಸಿಂಗ್ ಸಂಘ ಹುಟ್ಟಿದ್ದು 1880ರಲ್ಲಿ. ಆ ಕಾಲದಲ್ಲಿ ಅಮೆಚೂರ್ ಎಂದರೆ ಹಣಕ್ಕೆ ಕೈಚಾಚದವನು ಎಂಬುದು ಹೊರಗಿನ ಅರ್ಥ; ಹಣದ ಅಗತ್ಯವೇ ಇಲ್ಲದವನು ಎಂಬುದು ಒಳಗಿನ ಅರ್ಥ. ದೋಣಿ ಹುಟ್ಟುಹಾಕುವ ಸ್ಪರ್ಧೆಯಲ್ಲಂತೂ ಮುಚ್ಚುಮರೆಯೇ ಇರಲಿಲ್ಲ. ಮೈಮುರಿದು ದುಡಿಯುವ ಕೂಲಿಗಾರ, ಕುಶಲಕರ್ಮಿ ಇವರು ಅಮೆಚೂರ್ ಆಗಲಾರರು ಎಂದು ನಿಯಮದಲ್ಲೇ ಬರೆದಿಟ್ಟಿದ್ದರು. ಬಡವರನ್ನು ದೂರ ಇಡಲು ಹೆಣೆದ ಬೇಲಿಯನ್ನು ತಂದು, ಬಡವರ ಮಕ್ಕಳೇ ಹೆಚ್ಚಾಗಿ ಆಡುವ ಬಾಕ್ಸಿಂಗಿನ ಸುತ್ತ ನಿಲ್ಲಿಸಿದ್ದು ಇತಿಹಾಸದ ತಮಾಷೆಗಳಲ್ಲಿ ಒಂದು.

ಆ ಬೇಲಿ ಎಷ್ಟು ನಿರ್ದಯವಾಗಿತ್ತು ಎಂಬುದಕ್ಕೆ ಜಿಮ್ ಥೋರ್ಪ್ ಸಾಕ್ಷಿ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡನ್ನೂ ಗೆದ್ದವರು. ಹಿಂದೆ ಯಾವಾಗಲೋ ಚಿಲ್ಲರೆ ಹಣಕ್ಕೆ ಬೇಸ್‌ಬಾಲ್ ಆಡಿದ್ದರು ಎಂಬ ಕಾರಣಕ್ಕೆ ಮರುವರ್ಷ ಪದಕಗಳನ್ನು ಕಿತ್ತುಕೊಂಡರು. ಅವರೊಬ್ಬರೇ ವಿಜೇತರು ಎಂದು ಒಲಿಂಪಿಕ್ ಸಮಿತಿ ಮತ್ತೆ ಒಪ್ಪಿಕೊಂಡದ್ದು 2022ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ಸುಮಾರು ಎಪ್ಪತ್ತು ವರ್ಷವಾಗಿತ್ತು.

ಇಪ್ಪತ್ತನೆಯ ಶತಮಾನದ ಕೊನೆಗೆ ಈ ಬೇಲಿ ಒಂದೊಂದೇ ಆಟದಲ್ಲಿ ಬಿತ್ತು. 1988ರಲ್ಲಿ ಟೆನಿಸ್ ಒಲಿಂಪಿಕ್ಸ್‌ಗೆ ಮರಳಿದಾಗ ವೃತ್ತಿಪರರ ಜೊತೆಗೇ ಮರಳಿತು. 1992ರಲ್ಲಿ ಬಾರ್ಸಿಲೋನಾಕ್ಕೆ ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ತಾರೆಯರು ಬಂದರು. ಬಾಕ್ಸಿಂಗ್ ಮಾತ್ರ ಬಾಗಿಲು ಹಾಕಿಕೊಂಡೇ ಕುಳಿತಿತ್ತು. ಆ ಬಾಗಿಲಲ್ಲೂ ಕಿಂಡಿಗಳಿದ್ದವು ಅನ್ನಿ. ಹವ್ಯಾಸಿ ಬಾಕ್ಸಿಂಗಿನ ಅಂತರರಾಷ್ಟ್ರೀಯ ಸಂಸ್ಥೆ ಐಬಾ ತನ್ನ ಹೆಸರಿನಿಂದ ಅಮೆಚೂರ್ ಎಂಬ ಪದವನ್ನು ತೆಗೆದುಹಾಕಿತು. 2010ರಲ್ಲಿ ತನ್ನದೇ ಲೀಗ್ ಶುರು ಮಾಡಿ ಬಾಕ್ಸರ್‌ಗಳಿಗೆ ಹಣ ಕೊಟ್ಟಿತು. ಅವರ ಒಲಿಂಪಿಕ್ ಅರ್ಹತೆ ಹಾಗೆಯೇ ಉಳಿಯಿತು. ನಮ್ಮ ಕೈಯಿಂದ ಹಣ ಪಡೆದರೆ ನೀನು ಶುದ್ಧ, ಪಕ್ಕದ ಮನೆಯವನಿಂದ ಪಡೆದರೆ ಮೈಲಿಗೆ ಎಂಬಂಥ ನ್ಯಾಯ ಅದು. 2021ರಲ್ಲಿ ಬೆಲ್‌ಗ್ರೇಡ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ಗೆದ್ದ ಪ್ರತಿಯೊಬ್ಬನಿಗೂ 1 ಲಕ್ಷ ಡಾಲರ್ ಬಹುಮಾನವಿತ್ತು. ವೃತ್ತಿಪರನಾಗಿ ಮೊದಲ ನಾಲ್ಕೈದು ಪಂದ್ಯ ಆಡುವ ಹುಡುಗ ಅಷ್ಟು ಹಣವನ್ನು ಕನಸಿನಲ್ಲೂ ಕಂಡಿರುವುದಿಲ್ಲ.

ಕ್ಯೂಬಾದ ಕಥೆ ಇನ್ನೊಂದು ಬಗೆಯದು. ಅಲ್ಲಿ ಕ್ರಾಂತಿಯ ನಂತರ ವೃತ್ತಿಪರ ಕ್ರೀಡೆಯನ್ನೇ ನಿಷೇಧಿಸಿದರು. ವೃತ್ತಿಪರ ಬಾಕ್ಸಿಂಗಿಗೆ ಮತ್ತೆ ಅನುಮತಿ ಸಿಕ್ಕಿದ್ದು 2022ರಲ್ಲಿ. ನಡುವಿನ ಅರವತ್ತು ವರ್ಷ ಅಲ್ಲಿನ ಶ್ರೇಷ್ಠರೆಲ್ಲರೂ ‘ಹವ್ಯಾಸಿ’ಗಳು. ತಿಯೋಫಿಲೊ ಸ್ಟೀವನ್‌ಸನ್ 1972, 1976, 1980ರಲ್ಲಿ ಹೆವಿವೇಟ್ ಚಿನ್ನ ಗೆದ್ದರು. ಮುಹಮ್ಮದ್ ಅಲಿಯ ಎದುರು ನಿಲ್ಲಲು ಬಂದ ದೊಡ್ಡ ಮೊತ್ತದ ಆಹ್ವಾನವನ್ನು ಬೇಡವೆಂದರು. ಫೆಲಿಕ್ಸ್ ಸಾವೊನ್ 1992ರಿಂದ 2000ದವರೆಗೆ ಮತ್ತೆ ಮೂರು ಚಿನ್ನ. ಇವರ ಎದುರು ರಿಂಗಿಗೆ ಬಂದ ಹತ್ತೊಂಬತ್ತರ ಹುಡುಗರ ಪಾಡು ನೆನೆಸಿಕೊಳ್ಳಿ. ಹವ್ಯಾಸಿ ಎಂಬ ಹಣೆಪಟ್ಟಿ ಆ ಹುಡುಗರನ್ನು ಯಾವ ಹೊಡೆತದಿಂದಲೂ ಕಾಪಾಡಲಿಲ್ಲ. ವೃತ್ತಿಪರರ ವಿರುದ್ಧ ಇಷ್ಟು ಕೂಗಿದ ನಾವು ಆಗ ಯಾರೂ ಕೂಗಲಿಲ್ಲ.

ಈಗ 2016ಕ್ಕೆ ಬರೋಣ. ಜೂನ್ 1ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಐಬಾ ವಿಶೇಷ ಮಹಾಸಭೆ ಕರೆಯಿತು. 88 ಮತಗಳಲ್ಲಿ 84 ಪರ, 4 ತಟಸ್ಥ, ವಿರೋಧ ಒಂದೂ ಇಲ್ಲ. ವೃತ್ತಿಪರರು ಇನ್ನು ಮುಂದೆ ಒಲಿಂಪಿಕ್ಸ್‌ಗೆ ಬರಬಹುದು ಎಂದು ತೀರ್ಮಾನವಾಯಿತು. ರಿಯೊ ಒಲಿಂಪಿಕ್ಸ್ ಶುರುವಾಗಲು ಉಳಿದಿದ್ದದ್ದು ಎರಡೇ ತಿಂಗಳು. ಇಂಥ ದೊಡ್ಡ ಬದಲಾವಣೆಗೆ ಎರಡು ತಿಂಗಳು ಎಂದರೆ ಅವಸರವೋ ಅಹಂಕಾರವೋ ನನಗೆ ಇಂದಿಗೂ ತೀರ್ಮಾನಿಸಲಾಗಿಲ್ಲ.

ಗದ್ದಲವೋ ಗದ್ದಲ. ತನ್ನ ಚಾಂಪಿಯನ್ನರಾಗಲೀ ಮೊದಲ ಹದಿನೈದು ಶ್ರೇಯಾಂಕದವರಾಗಲೀ ರಿಯೊಗೆ ಹೋದರೆ ಎರಡು ವರ್ಷ ನಿಷೇಧ ಎಂದು ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್ ಬೆದರಿಸಿತು. ಮಾಜಿ ಹೆವಿವೇಟ್ ಚಾಂಪಿಯನ್ ಲೆನಾಕ್ಸ್ ಲೂಯಿಸ್ ಇದು ಅಸಂಬದ್ಧ ಎಂದರು. ಮೈಕ್ ಟೈಸನ್ ಕೂಡ ಇದನ್ನು ಮೂರ್ಖತನ ಎಂದರು, ಆದರೆ ಅವರು ಹೇಳಿದ ಕಾರಣ ಬೇರೆ: ಕೆಲವು ವೃತ್ತಿಪರರು ಹವ್ಯಾಸಿಗಳಿಂದ ಹೊಡೆತ ತಿಂದು ಮನೆಗೆ ಬರುತ್ತಾರೆ ಎಂದರು. ಟೈಸನ್ ಹೇಳಿದ್ದನ್ನೆಲ್ಲ ಗಂಭೀರವಾಗಿ ತೆಗೆದುಕೊಳ್ಳಬೇಕಾಗಿಲ್ಲ. ಈ ಒಂದನ್ನು ತೆಗೆದುಕೊಳ್ಳಬೇಕಿತ್ತು.

ಇಷ್ಟೆಲ್ಲ ಆದ ಮೇಲೆ ರಿಯೊಗೆ ಬಂದ ವೃತ್ತಿಪರರು ಮೂವರೇ. ಕ್ಯಾಮರೂನಿನ ಹಸನ್ ಎನ್‌ಡಾಮ್, ಥಾಯ್ಲೆಂಡಿನ ಅಮ್ನತ್ ರುಯೆನ್‌ರೊಯೆಂಗ್, ಇಟಲಿಯ ಕಾರ್ಮಿನೆ ತೊಮಸೊನೆ. ಅಮ್ನತ್ ಫ್ಲೈವೇಟ್‌ನಲ್ಲಿ ವಿಶ್ವ ಪ್ರಶಸ್ತಿ ಧರಿಸಿದ್ದವರು, ಅಂದರೆ ಸುಮಾರು 51 ಕೆ.ಜಿ. ತೂಕದವರು, ರಿಯೊದಲ್ಲಿ 60 ಕೆ.ಜಿ. ವಿಭಾಗದಲ್ಲಿ ಆಡಿದರು. ಒಂದು ಪಂದ್ಯ ಗೆದ್ದು, ಎರಡನೆಯದರಲ್ಲಿ ಫ್ರಾನ್ಸಿನ ಸೊಫಿಯಾನ್ ಔಮಿಹಾ ಅವರ ಕೈಯಲ್ಲಿ ತಡೆಯಲಾಗದಷ್ಟು ಹೊಡೆತ ತಿಂದರು. ರೆಫರಿ ಪಂದ್ಯ ನಿಲ್ಲಿಸಿದರು. ತೊಮಸೊನೆ ಎರಡನೆಯ ಪಂದ್ಯದಲ್ಲಿ ಕ್ಯೂಬಾದ ಲಜಾರೊ ಅಲ್ವಾರೆಜ್‌ಗೆ ಸೋತರು. ಎನ್‌ಡಾಮ್ ಮೊದಲ ಪಂದ್ಯದಲ್ಲೇ ಬ್ರೆಜಿಲ್‌ನ ಮಿಷೆಲ್ ಬೊರ್ಜಸ್‌ಗೆ ಸೋತು ಗಂಟುಮೂಟೆ ಕಟ್ಟಿದರು. ಪದಕದ ಹತ್ತಿರಕ್ಕೂ ಯಾರೂ ಸುಳಿಯಲಿಲ್ಲ.

ಎನ್‌ಡಾಮ್ ಮುದುಕರಾಗಿದ್ದರು, ಕೈಲಾಗದವರಾಗಿದ್ದರು ಎಂದು ಹೇಳುವಂತಿಲ್ಲ. ರಿಯೊದಲ್ಲಿ ಮೊದಲ ದಿನವೇ ಸೋತ ಅದೇ ಎನ್‌ಡಾಮ್, 2017ರ ಮೇ ತಿಂಗಳಲ್ಲಿ ಟೋಕಿಯೊದಲ್ಲಿ ರ್‍ಯೋಟಾ ಮುರಾಟಾ ಅವರನ್ನು ಸೋಲಿಸಿ ಮಿಡ್ಲ್‌ವೇಟ್ ವಿಶ್ವ ಪ್ರಶಸ್ತಿ ಗೆದ್ದರು. ಮುರಾಟಾ ಯಾರು? 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅದೇ ತೂಕದಲ್ಲಿ ಚಿನ್ನ ಗೆದ್ದವರು. ಟೋಕಿಯೊ ಪಂದ್ಯದ ತೀರ್ಪಿನ ಬಗ್ಗೆ ತಕರಾರು ಎದ್ದದ್ದು ನಿಜ, ಅಕ್ಟೋಬರ್‌ನ ಮರುಪಂದ್ಯದಲ್ಲಿ ಮುರಾಟಾ ಗೆದ್ದದ್ದೂ ನಿಜ. ಆದರೂ ನೋಡಿ: ಮೂರು ಸುತ್ತಿನ ಆಟದಲ್ಲಿ ಒಂದು ಪಂದ್ಯವನ್ನೂ ಗೆಲ್ಲಲಾಗದವರು, ಒಂದು ವರ್ಷದೊಳಗೆ ಹನ್ನೆರಡು ಸುತ್ತಿನ ಆಟದಲ್ಲಿ ಒಲಿಂಪಿಕ್ ಚಾಂಪಿಯನ್ನನನ್ನು ಸೋಲಿಸಿ ಬೆಲ್ಟ್ ಕಟ್ಟಿಕೊಂಡರು.

ಎರಡೂ ಕಡೆ ಅದೇ ಗ್ಲೌಸ್, ಅದೇ ಚೌಕ, ಅದೇ ಗಂಟೆ. ಆಟ ಮಾತ್ರ ಬೇರೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಈ ಚರ್ಚೆಯಲ್ಲಿ ಹೆಚ್ಚಿನವರು ಜಾರುವುದು ಇಲ್ಲೇ.

ಹವ್ಯಾಸಿ ಪಂದ್ಯ ಎಂದರೆ ಮೂರು ನಿಮಿಷದ ಮೂರು ಸುತ್ತು, ಒಟ್ಟು ಒಂಬತ್ತು ನಿಮಿಷ. ಪುರುಷರ ವೃತ್ತಿಪರ ವಿಶ್ವ ಪ್ರಶಸ್ತಿಯ ಪಂದ್ಯ ಹನ್ನೆರಡು ಸುತ್ತು, ಮೂವತ್ತಾರು ನಿಮಿಷ. ಮೂವತ್ತಾರು ನಿಮಿಷ ಕೈಯಲ್ಲಿದ್ದವನು ಮೊದಲ ಎರಡು ಸುತ್ತನ್ನು ಎದುರಾಳಿಯನ್ನು ಓದಲು ಬಳಸುತ್ತಾನೆ. ಅವನ ಎಡಗೈ ಎಷ್ಟು ಹೊತ್ತಿಗೆ ಕೆಳಗಿಳಿಯುತ್ತದೆ, ಹೊಡೆದ ಮೇಲೆ ಯಾವ ಕಡೆ ಸರಿಯುತ್ತಾನೆ, ಉಸಿರು ಎಲ್ಲಿ ಕಟ್ಟುತ್ತಾನೆ. ಆ ಎರಡು ಸುತ್ತನ್ನು ಸೋತರೂ ಚಿಂತೆಯಿಲ್ಲ, ಇನ್ನೂ ಹತ್ತು ಇವೆ. ಹೊಟ್ಟೆಗೆ, ಪಕ್ಕೆಲುಬಿಗೆ ಬೀಳುವ ಹೊಡೆತ ಬಡ್ಡಿಗೆ ಕೊಟ್ಟ ಸಾಲವಿದ್ದಂತೆ. ವಸೂಲಾಗುವುದು ಎಂಟನೆಯ ಸುತ್ತಿನಲ್ಲೋ ಹತ್ತನೆಯದರಲ್ಲೋ. ಹವ್ಯಾಸಿ ಪಂದ್ಯದಲ್ಲಿ ಮೊದಲ ಎರಡು ಸುತ್ತು ಬಿಟ್ಟುಕೊಟ್ಟವನು ಪಂದ್ಯವನ್ನೇ ಬಿಟ್ಟುಕೊಟ್ಟಂತೆ. ಅಲ್ಲಿ ಗಂಟೆ ಬಾರಿಸಿದ ಕ್ಷಣದಿಂದ ಓಟ. ಸಾಲ ವಸೂಲು ಮಾಡುವಷ್ಟರಲ್ಲಿ ಅಂಗಡಿ ಮುಚ್ಚಿರುತ್ತದೆ.

ಅದಕ್ಕಿಂತ ದೊಡ್ಡ ವ್ಯತ್ಯಾಸ ತಕ್ಕಡಿಯದು. ವೃತ್ತಿಪರನ ತೂಕ ನೋಡುವುದು ಸಾಮಾನ್ಯವಾಗಿ ಪಂದ್ಯದ ಹಿಂದಿನ ದಿನ. ಅವನು ಮೈಯ ನೀರೆಲ್ಲ ಹಿಂಡಿ ತೆಗೆದು ತಕ್ಕಡಿಯ ಮೇಲೆ ನಿಂತು, ಆಮೇಲೆ ಒಂದು ಹಗಲು ಒಂದು ರಾತ್ರಿ ತಿಂದು ಕುಡಿದು ಬೇರೆಯೇ ಮನುಷ್ಯನಾಗಿ ರಿಂಗಿಗೆ ಬರುತ್ತಾನೆ. ಲೊಮಚೆಂಕೊ ಇದರ ರುಚಿ ಕಂಡದ್ದು 2014ರ ಮಾರ್ಚಿಯಲ್ಲಿ, ತಮ್ಮ ಎರಡನೆಯ ವೃತ್ತಿಪರ ಪಂದ್ಯದಲ್ಲೇ. ಎದುರಿಗಿದ್ದವರು ಮೆಕ್ಸಿಕೊದ ಒರ್ಲಾಂಡೊ ಸಾಲಿಡೊ. ಹದಿಹರೆಯದಲ್ಲೇ ವೃತ್ತಿಪರರಾಗಿ, ಹನ್ನೆರಡು ಸಲ ಸೋತು, ಸೋಲಿನಿಂದಲೇ ಕಸುಬು ಕಲಿತವರು. ಮಿತಿ 126 ಪೌಂಡ್. ಸಾಲಿಡೊ ಎರಡು ಪೌಂಡಿಗಿಂತ ಹೆಚ್ಚು ಮೀರಿ ತಕ್ಕಡಿಯ ಮೇಲೆಯೇ ತಮ್ಮ ಪ್ರಶಸ್ತಿ ಕಳೆದುಕೊಂಡರು. ಮರುದಿನ ರಿಂಗಿಗೆ ಬಂದಾಗ ಅವರ ತೂಕ 147 ಪೌಂಡ್, ಲೊಮಚೆಂಕೊ ಅವರದು 136. ಸೊಂಟದ ಕೆಳಗಿನ ಹೊಡೆತ, ಅಪ್ಪಿಕೊಂಡು ನೂಕುವುದು, ಇದ್ದ ವಿದ್ಯೆಯನ್ನೆಲ್ಲ ಸಾಲಿಡೊ ಬಳಸಿದರು. ಒಡಕು ತೀರ್ಪಿನಲ್ಲಿ, ಅಂದರೆ ಮೂವರು ತೀರ್ಪುಗಾರರಲ್ಲಿ ಇಬ್ಬರ ಲೆಕ್ಕದಲ್ಲಿ, ಗೆದ್ದರು. 396 ಗೆಲುವಿನ ಜಾಣತನ ಆ ರಾತ್ರಿ ಹನ್ನೊಂದು ಪೌಂಡಿನ ವ್ಯತ್ಯಾಸದ ಎದುರು ತಬ್ಬಿಬ್ಬಾಯಿತು.

ಈಗ ತಿರುಗಿಸಿ ನೋಡಿ. ಒಲಿಂಪಿಕ್ಸ್‌ನಲ್ಲಿ ಪಂದ್ಯವಿರುವ ದಿನ ಬೆಳಿಗ್ಗೆಯೇ ತೂಕ. ಗೆದ್ದರೆ ಎರಡು ಮೂರು ದಿನ ಬಿಟ್ಟು ಮತ್ತೆ ಬೆಳಿಗ್ಗೆ ತೂಕ, ಮತ್ತೆ ಪಂದ್ಯ. ಹೀಗೆ ಎರಡು ವಾರದಲ್ಲಿ ನಾಲ್ಕೈದು ಸಲ. ಪಂದ್ಯಕ್ಕೆ ಎರಡು ತಿಂಗಳು ಶಿಬಿರದಲ್ಲಿ ಕುಳಿತು, ಒಂದೇ ರಾತ್ರಿಗೆಂದು ದೇಹ ಹದ ಮಾಡಿಕೊಳ್ಳುವ ಚಾಂಪಿಯನ್ನನಿಗೆ ಇದು ಆಗದ ಕೆಲಸ. 51 ಕೆ.ಜಿ.ಯ ಅಮ್ನತ್ 60 ಕೆ.ಜಿ.ಯಲ್ಲಿ, 72 ಕೆ.ಜಿ.ಯ ಎನ್‌ಡಾಮ್ 81 ಕೆ.ಜಿ.ಯಲ್ಲಿ ತಮಗಿಂತ ದೊಡ್ಡವರ ಎದುರು ನಿಂತದ್ದನ್ನು ನೋಡಿದರೆ, ಈ ಬೆಳಗಿನ ತಕ್ಕಡಿಯ ನೆರಳು ಅಲ್ಲಿ ಬಿದ್ದಿತ್ತು ಎಂದೇ ನನ್ನ ಎಣಿಕೆ.

ಕನ್ನಡಿಗರಿಗೆ ಇದನ್ನು ನಾಟಕದ ಮಾತಿನಲ್ಲಿ ಹೇಳಿದರೆ ಬೇಗ ತಿಳಿದೀತು. ವೃತ್ತಿ ರಂಗಭೂಮಿ, ಹವ್ಯಾಸಿ ರಂಗಭೂಮಿ ಎಂದು ನಾವು ಎರಡನ್ನು ಬೇರೆ ಮಾಡಿ ಹೇಳುವಾಗ ಒಂದು ಮೇಲು ಒಂದು ಕೀಳು ಎಂದು ಅರ್ಥವಲ್ಲ. ಸಾವಿರ ಜನರ ಹಿಂದಿನ ಸಾಲಿಗೆ ದನಿ ಮುಟ್ಟಿಸಿದ ಕಂಪನಿ ನಟನನ್ನು ಐವತ್ತು ಜನರ ಕೋಣೆಯಲ್ಲಿ ಪಿಸುಮಾತು ಆಡು ಎಂದು ನಿಲ್ಲಿಸಿದರೆ ಅವನು ತಡವರಿಸಿಯಾನು. ಅದಲುಬದಲಾದರೆ ಇವನೂ ಹಾಗೆಯೇ. ಕ್ಯೂಬಾದ ರೊಬೈಸಿ ರಮಿರೆಜ್ 2012, 2016ರ ಎರಡು ಚಿನ್ನ ಕೊರಳಲ್ಲಿಟ್ಟುಕೊಂಡು ದೇಶ ಬಿಟ್ಟು ಹೋಗಿ, 2019ರಲ್ಲಿ ಮೊದಲ ವೃತ್ತಿಪರ ಪಂದ್ಯಕ್ಕೆ ಇಳಿದರು. ಎದುರಾಳಿ ಅಷ್ಟೇನೂ ಹೆಸರಿಲ್ಲದ ಅಡಾನ್ ಗೊನ್ಸಾಲೆಸ್. ಮೊದಲ ಸುತ್ತಿನಲ್ಲೇ ನೆಲಕ್ಕೆ ಬಿದ್ದರು, ಪಂದ್ಯ ಸೋತರು. ಕಲಿಯಲು ಸಮಯ ಹಿಡಿಯಿತು. ಕಲಿತ ಮೇಲೆ 2023ರಲ್ಲಿ ವಿಶ್ವ ಚಾಂಪಿಯನ್ನರೂ ಆದರು.

ಹಾಗಾದರೆ ವೃತ್ತಿಪರರು ಬಂದರೆ ಹವ್ಯಾಸಿಗಳಿಗೆ ಅನ್ಯಾಯ ಎಂಬ ವಾದ ಬಿದ್ದುಹೋಯಿತೇ? ಅರ್ಧ ಬಿದ್ದುಹೋಯಿತು. ಪದಕ ಅವರೇ ದೋಚಿಕೊಂಡು ಹೋಗುತ್ತಾರೆ ಎಂಬ ಭಯಕ್ಕೆ ರಿಯೊ ಉತ್ತರ ಕೊಟ್ಟಿತು. ಉಳಿದರ್ಧ, ಪೆಟ್ಟಿನ ಭಯ, ಅದು ಗಟ್ಟಿಯಾದದ್ದು. ಬಾರ್ಸಿಲೋನಾದಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ತಂಡ ಅಂಗೋಲಾವನ್ನು 116-48ರಿಂದ ಸೋಲಿಸಿತು. ಅಂಗೋಲಾದ ಆಟಗಾರರಿಗೆ ಆದ ನಷ್ಟ 68 ಅಂಕ. ಬಾಕ್ಸಿಂಗಿನಲ್ಲಿ ಅಷ್ಟೇ ಅಂತರದ ಇಬ್ಬರನ್ನು ಎದುರುಬದುರು ನಿಲ್ಲಿಸಿದರೆ ಆ 68 ಅಂಕ ಒಬ್ಬನ ತಲೆಯ ಮೇಲೆ ಬೀಳುತ್ತದೆ. ಮೇಲಾಗಿ 2013ರಿಂದ ಪುರುಷರ ಸ್ಪರ್ಧೆಗಳಲ್ಲಿ ತಲೆಗವಚವೂ ಇಲ್ಲ. ಬೇರೆ ಆಟಗಳು ತೆರೆದವಲ್ಲ, ಬಾಕ್ಸಿಂಗ್ ಏಕೆ ತೆರೆಯಬಾರದು ಎಂದು ಕೇಳುವವರು ಈ ಒಂದು ವ್ಯತ್ಯಾಸವನ್ನು ನುಂಗಿಬಿಡುತ್ತಾರೆ.

ಈಗ ಯೆಕಟೆರಿನ್‌ಬರ್ಗ್‌ಗೆ ಮರಳೋಣ. ಆ ವಿಡಿಯೊ ಸಾಕಾಗಿರಲಿಲ್ಲ ಎಂದೆನಲ್ಲ. ಜಲೋಲೊವ್ ಅವರ ಹಿನ್ನೆಲೆ ಓದುತ್ತ ಹೋದಾಗ ನನಗೆ ಮುಜುಗರವಾಯಿತು. ವೃತ್ತಿಪರರಾಗುವ ಮೊದಲೇ ಅವರು ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದ್ದರು. ಕ್ವಾರ್ಟರ್ ಫೈನಲ್‌ನಲ್ಲಿ ಬ್ರಿಟನ್ನಿನ ಜೋ ಜಾಯ್ಸ್‌ಗೆ ಸೋತಿದ್ದರು. ಆ ಎತ್ತರ, ಆ ಎಡಗೈ, ಆ ಅಳತೆಯ ಅಂದಾಜು ಎಲ್ಲವೂ ಹವ್ಯಾಸಿ ಶಾಲೆಯಲ್ಲೇ ತಯಾರಾದದ್ದು. ಬೆರಳೆಣಿಕೆಯ ವೃತ್ತಿಪರ ಪಂದ್ಯಗಳು ಅದಕ್ಕೆ ಎಷ್ಟು ಸೇರಿಸಿದ್ದಾವು? ಅವರು ಒಂದೂ ವೃತ್ತಿಪರ ಪಂದ್ಯ ಆಡದೆ ಅಂದು ಯೆಕಟೆರಿನ್‌ಬರ್ಗ್‌ಗೆ ಬಂದಿದ್ದರೂ ಟೊರೆಸ್ ಬೀಳುವುದು ತಪ್ಪುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ನಾನು ಅಷ್ಟು ವರ್ಷ ಸಾಕ್ಷಿ ಎಂದು ಹಿಡಿದು ತಿರುಗಿದ್ದು ನನ್ನ ವಾದಕ್ಕೆ ಸಾಕ್ಷಿಯೇ ಆಗಿರಲಿಲ್ಲ.

ಟೋಕಿಯೊ ಅದನ್ನು ಇನ್ನಷ್ಟು ಸ್ಪಷ್ಟ ಮಾಡಿತು. 2021ರಲ್ಲಿ ನಡೆದ ಆ ಒಲಿಂಪಿಕ್ಸ್‌ನಲ್ಲಿ ರಷ್ಯಾದ ಆಲ್ಬರ್ಟ್ ಬತಿರ್‌ಗಾಜಿಯೆವ್ ಫೆದರ್‌ವೇಟ್ ಚಿನ್ನ ಗೆದ್ದರು. ಒಲಿಂಪಿಕ್ ಚಿನ್ನ ಗೆದ್ದ ಮೊದಲ ವೃತ್ತಿಪರ ಬಾಕ್ಸರ್ ಎಂದು ಪತ್ರಿಕೆಗಳು ಬರೆದವು. ಅವರ ವೃತ್ತಿಪರ ಅನುಭವ ಮೂರು ಪಂದ್ಯ! ಫೈನಲ್‌ನಲ್ಲಿ ಅವರಿಗೆ ಸೋತ ಅಮೆರಿಕದ ಡ್ಯೂಕ್ ರೇಗನ್ ಕೂಡ ಹೊಸದಾಗಿ ವೃತ್ತಿಪರರಾಗಿದ್ದವರು. ಲೈಟ್‌ವೇಟ್‌ನಲ್ಲಿ ಮಾತ್ರ ತಿರುಗುಮುರುಗು: ಆಗಷ್ಟೇ ವೃತ್ತಿಪರರಾಗಿದ್ದ ಕೀಶಾನ್ ಡೇವಿಸ್ ಅವರನ್ನು ಕ್ಯೂಬಾದ ಹವ್ಯಾಸಿ ಆಂಡಿ ಕ್ರೂಜ್ ಫೈನಲ್‌ನಲ್ಲಿ ಸೋಲಿಸಿದರು. ಸೂಪರ್ ಹೆವಿವೇಟ್ ಫೈನಲ್‌ನಲ್ಲಿ ಎದುರಾದವರು ಯಾರು ಗೊತ್ತೇ? ಜಲೋಲೊವ್ ಮತ್ತು ಟೊರೆಸ್. ಎರಡು ವರ್ಷದ ಹಿಂದೆ ಸ್ಟ್ರೆಚರ್ ಮೇಲೆ ಹೋದ ಹುಡುಗ ಮೂರೂ ಸುತ್ತು ನಿಂತು, ಮುನ್ನುಗ್ಗಿ ಹೊಡೆದು, ಅಂಕಗಳ ಮೇಲೆ ಸೋತು ಬೆಳ್ಳಿ ತೆಗೆದುಕೊಂಡರು.

ಅದೇ ಟೋಕಿಯೊದ ಇನ್ನೊಂದು ಸಂಗತಿ ರಿಂಗಿನ ಹೊರಗೆ ನಡೆದದ್ದು. ಅದರ ಬಗ್ಗೆ ಯಾರೂ ಮಾತನಾಡುವುದಿಲ್ಲ. ಕೋವಿಡ್‌ನಿಂದಾಗಿ ಅಮೆರಿಕ ಖಂಡದ ಅರ್ಹತಾ ಟೂರ್ನಿ ರದ್ದಾಗಿ, ಹಿಂದಿನ ಶ್ರೇಯಾಂಕ ನೋಡಿ ಸ್ಥಾನ ಹಂಚಿದರು. ಅಮೆರಿಕ ತಂಡದ ಆಯ್ಕೆ ಟ್ರಯಲ್ಸ್ ಗೆದ್ದು ಕಾಯುತ್ತಿದ್ದ ಫೆದರ್‌ವೇಟ್ ಬ್ರೂಸ್ ಕ್ಯಾರಿಂಗ್ಟನ್ ಮನೆಯಲ್ಲೇ ಉಳಿದರು. ಶ್ರೇಯಾಂಕವಿದ್ದ ರೇಗನ್, ಅಷ್ಟರಲ್ಲಿ ವೃತ್ತಿಪರರಾಗಿದ್ದರೂ, ಟೋಕಿಯೊಗೆ ಹೋದರು. ಇದರಲ್ಲಿ ರೇಗನ್ ಅವರದು ತಪ್ಪೇನಿಲ್ಲ, ನಿಯಮ ಹಾಗಿತ್ತು. ಒಂದು ತೂಕದಲ್ಲಿ ಒಂದು ದೇಶಕ್ಕೆ ಒಂದೇ ಸ್ಥಾನ. ಬಾಗಿಲು ತೆರೆದಾಗ ಒಳಗೆ ಬಂದವನ ಮುಖ ಎಲ್ಲರಿಗೂ ಕಾಣುತ್ತದೆ, ಅವನಿಗಾಗಿ ಎದ್ದು ಹೋದವನ ಬೆನ್ನು ಯಾರಿಗೂ ಕಾಣುವುದಿಲ್ಲ. ಈಗಾಗಲೇ ಹೆಸರು, ಪ್ರವರ್ತಕ, ಟಿ.ವಿ. ಒಪ್ಪಂದ ಎಲ್ಲ ಇರುವವನು ಆ ಸ್ಥಾನ ಕೇಳಿದರೆ ನನಗೆ ಹೊಟ್ಟೆಯುರಿಯುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆ ಪದಕ ಹೊಸಬನ ಪಾಲಿಗೆ ಬದುಕು ಕಟ್ಟಿಕೊಳ್ಳುವ ಬಂಡವಾಳ. ಐರ್ಲೆಂಡಿನ ಕೇಟಿ ಟೇಲರ್, ಅಮೆರಿಕದ ಕ್ಲಾರೆಸಾ ಶೀಲ್ಡ್ಸ್ ಇಬ್ಬರೂ ಒಲಿಂಪಿಕ್ ಚಿನ್ನ ಕೈಯಲ್ಲಿ ಹಿಡಿದೇ ವೃತ್ತಿಪರ ಮಹಿಳಾ ಬಾಕ್ಸಿಂಗಿನ ಬೆಲೆ ಹೆಚ್ಚಿಸಿದರು.

ನನ್ನ ಅಭಿಪ್ರಾಯ ಏನು ಎಂದರೆ, ಹಣ ಪಡೆದಿದ್ದಾನೆಯೇ ಎಂದು ಕೇಳುವುದನ್ನು ಬಿಡಬೇಕು. ಎಷ್ಟು ಸುತ್ತು ಆಡಿದ್ದಾನೆ, ಎಂಥ ಸುತ್ತು ಆಡಿದ್ದಾನೆ ಎಂದು ಕೇಳಬೇಕು. ನಾಲ್ಕು, ಆರು ಸುತ್ತಿನ ಕೆಲವು ವೃತ್ತಿಪರ ಪಂದ್ಯ ಆಡಿದ ಹುಡುಗ ಹುಡುಗಿಯರು ಬರಲಿ. ಅವರಿಗೂ ಹವ್ಯಾಸಿಗಳಿಗೂ ವ್ಯತ್ಯಾಸವೇ ಇಲ್ಲ. ಹನ್ನೆರಡು ಸುತ್ತಿನ ವಿಶ್ವ ಪ್ರಶಸ್ತಿ ಪಂದ್ಯಕ್ಕೆ ಒಮ್ಮೆ ಇಳಿದವರು ಮರಳಿ ಬರುವುದು ಬೇಡ. ನಡುವೆ ಗೆರೆ ಎಲ್ಲಿ? ಹತ್ತು ಪಂದ್ಯ ಎಂದು ನಾನು ಹೇಳುತ್ತೇನೆ. ಎಂಟು ಎಂದು ಇನ್ನೊಬ್ಬರು ಹೇಳಿದರೆ ಜಗಳವಾಡುವುದಿಲ್ಲ. ಪಂದ್ಯದ ದಿನದ ಬೆಳಗಿನ ತೂಕವನ್ನು ಮಾತ್ರ ಯಾವ ಕಾರಣಕ್ಕೂ ಬಿಡಬಾರದು. ಹವ್ಯಾಸಿಯ ನಿಜವಾದ ಕವಚ ಅದು.

ಎನ್‌ಡಾಮ್, ಅಮ್ನತ್ ಸೋತರಲ್ಲ, ಮತ್ತೆ ಅಂಥವರನ್ನು ತಡೆಯುವುದೇಕೆ ಎಂದು ನೀವು ಕೇಳಬಹುದು. ಅವರು ಸೋತದ್ದು ಒಳ್ಳೆಯ ಎದುರಾಳಿಗಳಿಗೆ. ಒಲಿಂಪಿಕ್ಸ್‌ನಲ್ಲಿ ಬಾಕ್ಸಿಂಗ್ ಪರಂಪರೆಯೇ ಇಲ್ಲದ ದೇಶಗಳಿಗೂ ಕೆಲವು ಸ್ಥಾನ ಮೀಸಲಿಡುತ್ತಾರೆ, ಇಡಬೇಕು ಕೂಡ. ಅಂಥ ಕಡೆಯಿಂದ ಬಂದ ಹದಿನೆಂಟರ ಹುಡುಗನಿಗೆ ಮೊದಲ ಸುತ್ತಿನ ಚೀಟಿಯಲ್ಲಿ ಯಾರ ಹೆಸರು ಬರುತ್ತದೆ ಎಂಬುದು ಅದೃಷ್ಟ. ಹವ್ಯಾಸಿ ದಿಗ್ಗಜನ ಹೆಸರು ಬಂದರೂ ಅಪಾಯವೇ, ಹೌದು. ಆದರೆ ಪಾಯಿಂಟ್ ಗಳಿಸಿ ಸರಿಯುವುದನ್ನು ಕಲಿತ ಕೈಗೂ, ಎದುರಾಳಿಯನ್ನು ಹಂತ ಹಂತವಾಗಿ ಸವೆಸಿ ಮುಗಿಸುವುದನ್ನೇ ಹದಿನೈದು ವರ್ಷ ಕಲಿತ ಕೈಗೂ ವ್ಯತ್ಯಾಸವಿದೆ. ಇರುವ ಅಪಾಯವೇ ಸಾಕು, ಹೊಸದನ್ನು ಟಿಕೆಟ್ ಮಾರಾಟಕ್ಕಾಗಿ ತರುವುದು ಬೇಡ.

ಇನ್ನೊಂದು ಮಾತು, ಸ್ವಲ್ಪ ಪಕ್ಕಕ್ಕೆ ಸರಿದು. ರಿಯೊದಲ್ಲಿ ನಾವೆಲ್ಲ ಆ ಮೂವರು ವೃತ್ತಿಪರರನ್ನು ಕಣ್ಣರಳಿಸಿ ನೋಡುತ್ತಿದ್ದಾಗ ನಿಜವಾದ ಕೇಡು ರಿಂಗಿನ ಪಕ್ಕದ ಕುರ್ಚಿಗಳಲ್ಲಿ ಕುಳಿತಿತ್ತು. ಕ್ರೀಡಾಕೂಟದ ನಂತರ ಅಲ್ಲಿ ಕೆಲಸ ಮಾಡಿದ ಎಲ್ಲ 36 ರೆಫರಿ, ತೀರ್ಪುಗಾರರನ್ನು ಬದಿಗಿಟ್ಟರು. 2021ರಲ್ಲಿ ಬಂದ ಮೆಕ್‌ಲಾರೆನ್ ತನಿಖಾ ವರದಿ, ಪಂದ್ಯಗಳ ಫಲಿತಾಂಶ ತಿರುಚುವ ವ್ಯವಸ್ಥೆಯೇ ಅಲ್ಲಿತ್ತು ಎಂದಿತು. 2019ರಲ್ಲಿ ಅಮಾನತುಗೊಂಡಿದ್ದ ಐಬಾದ ಮಾನ್ಯತೆಯನ್ನು ಒಲಿಂಪಿಕ್ ಸಮಿತಿ 2023ರಲ್ಲಿ ಕಿತ್ತುಹಾಕಿತು. ಮನೆಯೊಳಗೆ ಗೆದ್ದಲು ತಿನ್ನುತ್ತಿದ್ದಾಗ ನಾವು ಬಾಗಿಲಲ್ಲಿ ಯಾರು ಬಂದರು ಎಂದು ಜಗಳವಾಡುತ್ತಿದ್ದೆವು. ಈಗ ವರ್ಲ್ಡ್ ಬಾಕ್ಸಿಂಗ್ ಎಂಬ ಹೊಸ ಸಂಸ್ಥೆಗೆ ತಾತ್ಕಾಲಿಕ ಮಾನ್ಯತೆ ಸಿಕ್ಕಿ, 2025ರ ಮಾರ್ಚಿಯಲ್ಲಿ ಬಾಕ್ಸಿಂಗ್ ಅನ್ನು ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರಿಸಿದ್ದಾರೆ. ನಿಯಮ ಬರೆಯುವ ಲೇಖನಿ ಹೊಸ ಕೈಗೆ ಹೋಗಿದೆ.

ಮಾತು ಮುಗಿಸುವ ಹೊತ್ತಿಗೆ ಸಭಿಕರಲ್ಲಿ ಒಬ್ಬರು, ಫಿಲಿಪ್ಪೀನ್ಸ್‌ನ ವೃತ್ತಿಪರ ಬಾಕ್ಸಿಂಗ್ ದಿಗ್ಗಜ ಮ್ಯಾನಿ ಪಾಕಿಯಾವೊ ಒಲಿಂಪಿಕ್ಸ್‌ಗೆ ಬರಲು ಕೇಳಿದ್ದರಂತಲ್ಲ, ಅದೇನಾಯಿತು ಎಂದು ಕೇಳಿದರು. ಆ ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ.

ಹೌದು, ಕೇಳಿದ್ದರು. ರಿಯೊ ಸಮಯದಲ್ಲೇ ಅವರನ್ನು ಕರೆಯುವ ಮಾತು ನಡೆದಿತ್ತು. ಆಗ ತಾನೇ ಸೆನೆಟರ್ ಆಗಿದ್ದರಿಂದ ಬೇಡವೆಂದರು. ಪ್ಯಾರಿಸ್ ಒಲಿಂಪಿಕ್ಸ್‌ಗೆ ಮುನ್ನ, ನಲವತ್ತೈದರ ವಯಸ್ಸಿನಲ್ಲಿ, ಅವರಿಗೆ ಅವಕಾಶ ಕೊಡಿ ಎಂದು ಫಿಲಿಪ್ಪೀನ್ಸ್ ಒಲಿಂಪಿಕ್ ಸಮಿತಿ ಮನವಿ ಮಾಡಿತು. ಎಂಟು ಬೇರೆ ಬೇರೆ ತೂಕಗಳಲ್ಲಿ ವಿಶ್ವ ಪ್ರಶಸ್ತಿ ಗೆದ್ದವರು, ಅಷ್ಟರಲ್ಲಿ 72 ವೃತ್ತಿಪರ ಪಂದ್ಯ ಆಡಿದ್ದವರು. 2024ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯಿಂದ ಉತ್ತರ ಬಂತು: ಆಗುವುದಿಲ್ಲ. ಆ 72 ಪಂದ್ಯಗಳ ಕಾರಣಕ್ಕಲ್ಲ, ಅವುಗಳ ಸುತ್ತುಗಳನ್ನು ಯಾರೂ ಎಣಿಸಲೇ ಇಲ್ಲ. ಬಾಕ್ಸಿಂಗಿಗೆ ವಯೋಮಿತಿ 40 ಎಂಬ ನಿಯಮ ತೋರಿಸಿದರು. ಪಾಕಿಯಾವೊ ಐದಾರು ವರ್ಷ ತಡವಾಗಿ ಹುಟ್ಟಿದ್ದರೆ ಆ ವಯೋಮಿತಿ ಅವರನ್ನು ತಡೆಯುತ್ತಿರಲಿಲ್ಲ.